ಈ ಬೆಳ್ಳಿ ಪಾತ್ರೆ ಯಾರದು, ಎಲ್ಲಿಯದು?

ಎಲ್ಲರಿಗೂ ನಮಸ್ಕಾರ. ಪರದೆ ಮೇಲಿನ ಚಿತ್ರ ನೋಡಿ. ಅಂಗೈ ಉದ್ದದ ಬೆಳ್ಳಿ ಪಾತ್ರೆ. ಕಾಲಿಲ್ಲ, ಹಿಡಿಯಿಲ್ಲ, ಒಂದು ಕಡೆ ಮೂತಿ. "ಒಳಲೆ ಅಲ್ವಾ?" ಅಂತ ಹಿಂದಿನ ಸಾಲಿನಿಂದ ಆಗಲೇ ಕೇಳಿಸಿತು. ಹತ್ತಿರ ಬಂದಿರಿ. ಇದೂ ಎಳೆಮಕ್ಕಳಿಗೆ ಉಣಿಸುವುದೇ. ಆದರೆ ಮೂತಿ ಗಮನಿಸಿ. ನಮ್ಮ ಒಳಲೆಯದು ಕಿರಿದು. ಹಾಲು ಸಣ್ಣ ಧಾರೆಯಾಗಿ ಇಳಿಯಬೇಕು. ಇದರದು ಅಗಲ. ಹಾಲಲ್ಲೋ ನೀರಲ್ಲೋ ಬ್ರೆಡ್ ನೆನೆಸಿ ಕಿವುಚಿದ ಗಂಜಿ ಇಳಿಯಲು ಇಷ್ಟು ಅಗಲ ಬೇಕು. ಆ ಗಂಜಿಗೆ ಇಂಗ್ಲೆಂಡಿನಲ್ಲಿ 'ಪ್ಯಾಪ್' ಅನ್ನುತ್ತಿದ್ದರು, ಇದಕ್ಕೆ 'ಪ್ಯಾಪ್ ಬೋಟ್'. ಮುದ್ರೆ ನೋಡುವ ಮೊದಲೇ ಮೂತಿ ಇಷ್ಟು ಹೇಳಿಬಿಟ್ಟಿತು.

ಈಗ ಭೂತಗನ್ನಡಿ ಹಿಡಿಯೋಣ. ಐದು ಪುಟ್ಟ ಮುದ್ರೆಗಳಿವೆ. ನಡೆಯುತ್ತಿರುವ ಸಿಂಹ ಅಂದರೆ ಬೆಳ್ಳಿ ಶೇ. 92.5 ಶುದ್ಧ. ಕಿರೀಟ ಹೊತ್ತ ಚಿರತೆಯ ತಲೆ ಅಂದರೆ ಲಂಡನ್ನಿನಲ್ಲಿ ಪರೀಕ್ಷೆಯಾದದ್ದು. ಬರ್ಮಿಂಗ್‌ಹ್ಯಾಮ್ ಆಗಿದ್ದರೆ ಲಂಗರು ಇರುತ್ತಿತ್ತು. ಇಂಗ್ಲಿಷಿನ ಸಣ್ಣ 'ಎ' ಅಕ್ಷರ ವರ್ಷದ ಗುರುತು. ತೊಡಕು ಇರೋದು ಇಲ್ಲೇ. ಲಂಡನ್ನಿನಲ್ಲಿ 20 ಅಕ್ಷರ ಮುಗಿದರೆ ಸುತ್ತು ಮತ್ತೆ ಶುರು. ಸಣ್ಣ 'ಎ' 1776ರಲ್ಲೂ ಬಂದಿದೆ, 1816ರಲ್ಲೂ ಬಂದಿದೆ. ಯಾವುದು? ಪಕ್ಕದಲ್ಲಿ ರಾಜನ ತಲೆ ಇದೆಯಲ್ಲ, ಅದು ತೆರಿಗೆ ಕಟ್ಟಿದ ಗುರುತು. ಅದು ಶುರುವಾದದ್ದು 1784ರಲ್ಲಿ. ಹಾಗಾಗಿ 1816. ಚಿರತೆಯ ಕಿರೀಟ ತೆಗೆದದ್ದು 1821ರಲ್ಲಿ, ಅದೂ ತಾಳೆಯಾಗುತ್ತದೆ.

ಐದನೆಯದು ಮಾಡಿದವರ ಹೆಸರಿನ ಮೊದಲಕ್ಷರಗಳು. ಬರೀ ಅಕ್ಷರ ಓದಿ ಹೆಸರು ಹೇಳಿಬಿಡಬೇಡಿ. ಸುತ್ತಲ ಚೌಕಟ್ಟಿನ ಆಕಾರ, ನಡುವಿನ ಚುಕ್ಕೆ, ಎಲ್ಲವೂ ಬೆಳ್ಳಿ ಪರೀಕ್ಷಿಸುವ ಕಚೇರಿಯ ನೋಂದಣಿ ಪುಸ್ತಕದ ಜೊತೆ ಹೊಂದಬೇಕು. ಹೊಂದಿದರೂ ಅದು ಕಾರ್ಖಾನೆಯ ಯಜಮಾನರ ಗುರುತು. ಸುತ್ತಿಗೆ ಹಿಡಿದ ಕೈ ಬೇರೆಯವರದೇ ಇರಬಹುದು. 1761ರಲ್ಲಿ ತಮ್ಮ ಮುದ್ರೆ ನೋಂದಾಯಿಸಿದ, ಲಂಡನ್ನಿನ ಹೆಸರಾಂತ ಬೆಳ್ಳಿ ಕೆಲಸದ ಹೆಣ್ಣುಮಗಳು ಹೆಸ್ಟರ್ ಬೇಟ್‌ಮನ್ ಅವರಂಥ ಹೆಸರು ಸಿಕ್ಕಿದರಂತೂ ಇನ್ನೂ ಜಾಸ್ತಿ ಎಚ್ಚರ ಬೇಕು. ಬೆಲೆ ಎಲ್ಲಿ ಏರುತ್ತದೋ ಅಲ್ಲಿ ಕೈಚಳಕವೂ ಇರುತ್ತದೆ. ಹಳೆ ಚಮಚದಿಂದ ಮುದ್ರೆ ಕತ್ತರಿಸಿ ಹೊಸ ಪಾತ್ರೆಗೆ ಬೆಸೆದದ್ದುಂಟು. ಇಂಥ ಪಾತ್ರೆಗೇ ಕಾಲು, ಹಿಡಿ ಸೇರಿಸಿ ಸಾಸ್ ಬಟ್ಟಲು ಮಾಡಿದ್ದೂ ಉಂಟು. ಅನುಮಾನ ಬಂದರೆ ಸುಮ್ನೆ ಬಾಯಿಂದ ಹಬೆ ಊದಿ ನೋಡಿ. ಮಂಜು ಕವಿದು ಆರುವಾಗ ಬೆಸುಗೆಯ ಗೆರೆ ಹಲವು ಸಲ ಕಣ್ಣಿಗೆ ಬೀಳುತ್ತದೆ.

ನಮ್ಮ ದೇಶದ ಬೆಳ್ಳಿಗೆ ಈ ಸೌಲಭ್ಯ ಇರಲಿಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಅಂಥ ಪರೀಕ್ಷಾ ಕಚೇರಿ ಇರಲಿಲ್ಲ. ಕಲ್ಕತ್ತೆಯ ಹ್ಯಾಮಿಲ್ಟನ್ ಅಂಡ್ ಕಂಪನಿಯವರು ತಮ್ಮ ಹೆಸರಿನ ಜೊತೆ ಆನೆಯ ಚಿತ್ರ ಒತ್ತುತ್ತಿದ್ದರು. ನೋಡಲು ಸರ್ಕಾರಿ ಮುದ್ರೆಯ ಹಾಗೇ ಇದೆ, ಆದರೆ ಅದು ಅಂಗಡಿಯವರದೇ ಮಾತು. ಕಚ್ಛದ ಭುಜ್ ಊರಿನ ಬೆಳ್ಳಿ ಕೆಲಸಗಾರ ಊಮರ್ಸಿ ಮಾವ್ಜಿ 'ಓ.ಎಂ. ಭುಜ್' ಎಂದು ಒತ್ತಿದ್ದರಿಂದ ಅವರ ಕೆಲಸ ಇವತ್ತಿಗೂ ಸುಲಭವಾಗಿ ಗೊತ್ತಾಗುತ್ತದೆ.

ಮನೆಯ ಹಳೆ ಒಳಲೆಯಲ್ಲಿ ಮುದ್ರೆಯೇ ಇಲ್ಲದಿದ್ದರೆ? ಯಾರ ತವರಿಂದ ಬಂತು, ಯಾವ ಊರಿನ ಅಕ್ಕಸಾಲಿಗರು ಮಾಡಿದ್ದು ಅಂತ ಅಜ್ಜಿಯನ್ನು ಕೇಳಿ, ಚೀಟಿಯಲ್ಲಿ ಬರೆದು ಜೊತೆಗಿಡಿ. ಹುಣಸೆಹಣ್ಣು ಹಾಕಿ ಗಸಗಸ ಉಜ್ಜುವ ಮೊದಲು ತಳದ ಫೋಟೋ ತೆಗೆದುಕೊಳ್ಳಿ. ಸವೆದ ಮುದ್ರೆಯನ್ನು ಮತ್ತೆ ಮೂಡಿಸಲು ಆಗುವುದಿಲ್ಲ. ಪ್ರಶ್ನೆಗಳಿದ್ದರೆ ಕೇಳಿ.