ಬಂದರಿನ ಗೋಡೆ, ಊರಿನ ದಂಡೆ

ಕೇಳುಗರಿಗೆ ನಮಸ್ಕಾರ.

ಧಾರವಾಡದ ಸೋಮೇಶ್ವರದ ಹತ್ತಿರ ಹುಟ್ಟುವ ಶಾಲ್ಮಲಾ ಬೇಡ್ತಿಯಾಗಿ ಹರಿದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎನ್ನುವ ಹೆಸರಿನಲ್ಲಿ ಅಂಕೋಲಾ-ಗೋಕರ್ಣದ ನಡುವೆ ಸಮುದ್ರ ಸೇರುತ್ತದೆ. ನದಿ ಹೊತ್ತೊಯ್ದ ಸಣ್ಣ ಮಣ್ಣು ಆಳದ ನೀರಿಗೆ ಹೋಗುತ್ತದೆ. ದಪ್ಪ ಉಸುಕು ಅಳಿವೆಯಲ್ಲಿ ನಿಂತು, ಅಲೆಗಳ ಕೈಗೆ ಸಿಕ್ಕು, ಅಕ್ಕಪಕ್ಕದ ಊರುಗಳ ದಂಡೆಯಾಗುತ್ತದೆ. ರಜೆ ಬಂತೆಂದರೆ ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ನಾವು ಹೋಗುವುದು ಈ ದಂಡೆಗಳಿಗೇ. ಅವು ವರ್ಷವಿಡೀ ಒಂದೇ ಅಳತೆಯಲ್ಲಿ ಇರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಎತ್ತರದ ಅಲೆಗಳು ದಂಡೆಯ ಉಸುಕನ್ನು ಕಿತ್ತು ಸಮುದ್ರದ ಒಳಗೆ ಎಳೆದೊಯ್ಯುತ್ತವೆ. ಆ ಉಸುಕು ದೂರ ಹೋಗುವುದಿಲ್ಲ, ತುಸು ಒಳಗೆ ನೀರಿನಡಿಯಲ್ಲಿ ದಿಬ್ಬವಾಗಿ ಕೂತಿರುತ್ತದೆ. ಅಲೆಯ ರಭಸವನ್ನು ಮುರಿಯುವುದೂ ಅದೇ ದಿಬ್ಬ. ಅಕ್ಟೋಬರ್ ಮೇಲೆ ಸಣ್ಣ ಅಲೆಗಳು ಅದನ್ನು ಸ್ವಲ್ಪಸ್ವಲ್ಪವಾಗಿ ಮರಳಿ ತಂದು ಹಾಕುತ್ತವೆ. ಆಗಸ್ಟಿನಲ್ಲಿ ದಂಡೆ ಕಿರಿದಾಗಿ ಕಂಡರೆ ಗಾಬರಿ ಬೇಡ. ಮೇ ತಿಂಗಳಿಗೂ ಅದು ತುಂಬಿಕೊಳ್ಳದಿದ್ದರೆ ಏನೋ ಕೆಟ್ಟಿದೆ ಎಂದರ್ಥ.

ಇನ್ನೊಂದು ಚಲನೆ ದಂಡೆಯ ಉದ್ದಕ್ಕೆ ನಡೆಯುತ್ತದೆ. ಅಲೆ ಸಾಮಾನ್ಯವಾಗಿ ಓರೆಯಾಗಿ ಬರುತ್ತದೆ, ಏರುವಾಗ ಉಸುಕನ್ನೂ ಓರೆಯಾಗಿ ಹತ್ತಿಸುತ್ತದೆ. ಇಳಿಯುವ ನೀರು ಮಾತ್ರ ಇಳಿಜಾರು ಹಿಡಿದು ನೇರವಾಗಿ ಹೋಗುತ್ತದೆ. ಹೀಗೆ ಏರಿ ಇಳಿದು, ಏರಿ ಇಳಿದು ಒಂದೊಂದು ಕಣವೂ ದಂಡೆಗುಂಟ ಮುಂದಿನ ಊರಿನ ಕಡೆ ಸಾಗುತ್ತದೆ. ಈ ಹಾದಿಗೆ ಅಡ್ಡವಾಗಿ ಬಂದರಿನ ಅಲೆತಡೆಗೋಡೆ ಚಾಚಿದಾಗ, ಇಳಿಜಾರಿನ ಹೊಲಕ್ಕೆ ಬದು ಹಾಕಿದಂತೆ, ಒಂದು ಮಗ್ಗುಲಿಗೆ ಉಸುಕು ಕೂಡುತ್ತದೆ. ಇನ್ನೊಂದು ಮಗ್ಗುಲಿಗೆ ಬರಬೇಕಾದದ್ದು ಬರುವುದಿಲ್ಲ, ಅಲ್ಲಿಂದ ಹೋಗುವುದು ಮಾತ್ರ ನಿಲ್ಲುವುದಿಲ್ಲ.

ಮದ್ರಾಸಿನಲ್ಲಿ ಆದದ್ದು ಇದೇ. ಅಲ್ಲಿ ಬಂದರಿನ ಗೋಡೆಗಳ ಕೆಲಸ 1876ರಲ್ಲಿ ಶುರುವಾಯಿತು. ಪೂರ್ವ ಕರಾವಳಿಯಲ್ಲಿ ಉಸುಕು ಒಟ್ಟಾರೆ ಉತ್ತರಕ್ಕೆ ಸಾಗುವುದರಿಂದ ದಕ್ಷಿಣದ ಮರೀನಾ ಅಗಲವಾಗುತ್ತ ಹೋಯಿತು, ಉತ್ತರದ ರಾಯಪುರಂ ಕಡೆಯ ದಂಡೆ ಕರಗಿತು. ಪುದುಚೇರಿಯಲ್ಲೂ 1980ರ ದಶಕದ ಕೊನೆಯಲ್ಲಿ ಬಂದರಿನ ಗೋಡೆ ಎದ್ದ ಮೇಲೆ ಪಟ್ಟಣದ ಮುಂದಿನ ದಂಡೆ ಹೋಯಿತು.

ನಮ್ಮ ಪಶ್ಚಿಮ ಕರಾವಳಿಯ ಲೆಕ್ಕ ಇಷ್ಟು ಸರಳವಲ್ಲ. ಇಲ್ಲಿ ಉಸುಕು ಸಾಗುವ ದಿಕ್ಕು ಋತುವಿಗೆ ತಕ್ಕಂತೆ ಬದಲಾಗುತ್ತದೆ. ಮೂರು ತಿಂಗಳು ಅಳತೆ ಮಾಡಿ ‘ಯಾವ ಊರಿಗೂ ಧಕ್ಕೆಯಿಲ್ಲ’ ಎಂದು ಬರೆದ ವರದಿಯನ್ನು ನಂಬಬಾರದು. ಕಾರವಾರದಂಥ ಕೊಲ್ಲಿಯಲ್ಲಿ ಮತ್ತೊಂದು ತೊಡಕಿದೆ: ಗೋಡೆಯ ಮರೆಯಲ್ಲಿ ನೀರು ಶಾಂತವಾದಷ್ಟೂ ಉಸುಕು, ಹೂಳು ಅಲ್ಲಿಗೇ ಬಂದು ಕೂಡುತ್ತವೆ. ಬಂದರಿನವರು ಅದನ್ನು ಎತ್ತಿ ದೂರದ ಆಳಕ್ಕೆ ಸುರಿದರೆ ಆ ಉಸುಕು ದಂಡೆಗೆ ಶಾಶ್ವತವಾಗಿ ನಷ್ಟ. ಮೇಲೆ ನದಿಗೆ ಅಣೆಕಟ್ಟಿದ್ದರೆ ಹೊಸ ಉಸುಕಿನ ದಾರಿಯೂ ಕಟ್ಟಿಹೋಗುತ್ತದೆ. ಕಾರವಾರದ ಹತ್ತಿರ ಸಮುದ್ರ ಸೇರುವ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ. ಅಳಿವೆಯ ಉಸುಕನ್ನು ಲಾರಿಗೆ ತುಂಬುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ.

2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಯ ವಿರುದ್ಧ ಮೀನುಗಾರರು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ದಂಡೆಯಲ್ಲಿ ನಿಂತು ಎಳೆಯುವ ಅವರ ರಂಪಣಿ ಬಲೆ ನೂರಾರು ಮೀಟರ್ ಉದ್ದ. ದೋಣಿಯಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು ಬಂದು, ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಜನ ಹಿಂದಕ್ಕೆ ಹೆಜ್ಜೆಯಿಡುತ್ತ ಎಳೆಯಬೇಕು. ದೋಣಿ ಏರಿಸಲು, ಬಲೆ ಹರಡಲು, ಮೀನು ಒಣಗಿಸಲು ಅಗಲವಾದ ಉಸುಕೇ ಬೇಕು. ಕಲ್ಲಿನ ಗೋಡೆಯ ಮೇಲೆ ರಂಪಣಿ ಎಳೆಯಲಾಗದು.

ದಂಡೆ ಕೊರೆಯಿತೆಂದರೆ ನಮ್ಮಲ್ಲಿ ಮೊದಲು ಬರುವುದು ಕಲ್ಲಿನ ಲಾರಿಯೇ. ಗೋಡೆ ಹಿಂದಿನ ರಸ್ತೆಯನ್ನು ಉಳಿಸೀತು, ದಂಡೆಯನ್ನಲ್ಲ. ಅಲೆ ಗೋಡೆಗೆ ಬಡಿದು ಹಿಂದಿರುಗುವಾಗ ಬುಡದ ಉಸುಕನ್ನು ಕೆದರುತ್ತದೆ, ಬುಡ ಆಳವಾದಂತೆ ಕಲ್ಲು ಜಾರುತ್ತದೆ, ಮತ್ತೆ ಕಲ್ಲು ಸುರಿಯಬೇಕು. ಗೋಡೆ ಮುಗಿದ ತುದಿಯಲ್ಲಿ ಪಕ್ಕದ ಊರಿನ ಕೊರೆತ ಹೆಚ್ಚುತ್ತದೆ. ಕಲ್ಲಿನಡಿ ಜರಡಿಯಂಥ ಬಟ್ಟೆಯ ಪದರ ಹಾಸದಿದ್ದರೆ ಸಂದಿಗಳಿಂದ ಉಸುಕು ಸೋರಿ ಗೋಡೆ ಇನ್ನೂ ಬೇಗ ಕುಸಿಯುತ್ತದೆ.

ಸರಿಯಾದ ಉಪಾಯ ದುಬಾರಿ, ಆದರೆ ಇದೆ. ಒಂದು ಮಗ್ಗುಲಿಗೆ ಕೂಡಿದ ಉಸುಕನ್ನು ಕೊಳವೆಯಲ್ಲಿ ಇನ್ನೊಂದು ಮಗ್ಗುಲಿಗೆ ಪಂಪು ಮಾಡಬೇಕು, ಅದೂ ಬಂದರು ಇರುವಷ್ಟು ಕಾಲ. ಪುದುಚೇರಿಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನೀರಿನಡಿ ಉಕ್ಕಿನ ದಿಬ್ಬ ಕೂರಿಸಿ, ಬಂದರಿನ ಬಾಯಿಂದ ಎತ್ತಿದ ಉಸುಕನ್ನು ಸುರಿದ ಮೇಲೆ ಗಾಂಧಿ ಪ್ರತಿಮೆಯ ಎದುರಿಗೆ ಮತ್ತೆ ದಂಡೆ ಮೂಡಿತು. ನಮ್ಮ ಉಳ್ಳಾಲದಲ್ಲೂ ಮುಳುಗಿದ ದಿಬ್ಬಗಳನ್ನು ಕಟ್ಟಿದ್ದಾರೆ.

ಕಡಲೂರಿನ ಜನ ತಾವೇ ಮಾಡಬಹುದಾದ ಕೆಲಸವೂ ಒಂದಿದೆ. ದಂಡೆಯ ಹಿಂದೆ ದೇವಸ್ಥಾನದ ಕಟ್ಟೆಯಂಥ ಅಲುಗದ ಗುರುತು ಹಿಡಿಯಿರಿ. ಹುಣ್ಣಿಮೆ ಇಲ್ಲವೆ ಅಮಾವಾಸ್ಯೆಯ ಮರುದಿನ, ನೀರು ಪೂರ್ತಿ ಇಳಿದಾಗ, ಅಲ್ಲಿಂದ ನೀರಿನ ಅಂಚಿನವರೆಗೆ ಟೇಪು ಹಿಡಿದು ಐದೈದು ಮೀಟರಿಗೊಮ್ಮೆ ಎತ್ತರ ಬರೆದಿಡಿ. ಪ್ರತಿ ತಿಂಗಳೂ ಅದೇ ಗೆರೆಯಲ್ಲೇ ಅಳೆಯಬೇಕು, ಮೇ ತಿಂಗಳ ಅಳತೆಯನ್ನು ಮೇ ತಿಂಗಳದ್ದರ ಜೊತೆಗೇ ಹೋಲಿಸಬೇಕು. ಬಂದರಿನ ಕೆಲಸ ಶುರುವಾಗುವ ಮುಂಚಿನ ಕೆಲವು ವರ್ಷಗಳ ಪಟ್ಟಿ ಕೈಯಲ್ಲಿದ್ದರೆ, ಸಾರ್ವಜನಿಕ ಅಹವಾಲು ಸಭೆಯಲ್ಲಿ ಅದನ್ನು ಅಧಿಕಾರಿಗಳ ಮುಂದಿಡಬಹುದು. ಆಮೇಲೆ ಶುರುಮಾಡಿದ ಅಳತೆಯಲ್ಲಿ ಗೋಡೆಯ ಕೆಲಸ ಯಾವುದು, ಮಳೆಗಾಲದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ.

ನಮಸ್ಕಾರ.