ಗಾಬರಿಯಾಗಬೇಡಿ ಎಂದು ಬರೆದ ಪತ್ರ

ಕೇಳುಗರಿಗೆ ನಮಸ್ಕಾರ.

ಕರ್ತನಾದ ಯೇಸು ಮತ್ತೆ ಬರುವುದಕ್ಕೆ, ಅಂದರೆ ಎರಡನೇ ಬರೋಣಕ್ಕೆ ಮೊದಲು ಬಹಳ ಜನ ನಂಬಿಕೆ ಬಿಟ್ಟು ಹೋಗುತ್ತಾರೆ ಎಂದು ಕ್ರೈಸ್ತರು ನಂಬುತ್ತಾರೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಅದಕ್ಕೆ ಮತಭ್ರಷ್ಟತೆ ಎಂದು ಹೆಸರು. ಆ ಮಾತು ಕಿವಿಗೆ ಬಿದ್ದರೆ ಸಾಕು, ಕೆಲವರ ಎದೆ ಡವಡವ ಎನ್ನುತ್ತದೆ. ಇನ್ನು ಕೆಲವರು ಪಕ್ಕದ ಸಭೆಯ, ಅಂದರೆ ಚರ್ಚಿನ ಕಡೆ ಬೆರಳು ತೋರಿಸುತ್ತಾರೆ.

ಸ್ವಲ್ಪ ತಡೆಯಿರಿ. ಸತ್ಯವೇದದಲ್ಲಿ ಅಪೊಸ್ತಲ ಪೌಲ ಥೆಸಲೊನೀಕ ಊರಿನ ಸಭೆಯವರಿಗೆ ಬರೆದ ಎರಡನೇ ಪತ್ರ ತೆಗೆಯಿರಿ, ಎರಡನೇ ಅಧ್ಯಾಯ. ಕರ್ತನ ದಿನ, ಅಂದರೆ ಆ ಬರೋಣದ ದಿನ, ಬಂದೇಬಿಟ್ಟಿತು ಎಂಬ ಪುಕಾರು ಕೇಳಿ ಅಲ್ಲಿ ಜನ ಕಂಗಾಲಾಗಿದ್ದರು. ಕೆಲವರಂತೂ ಕೆಲಸ ಬಿಟ್ಟು ಸುಮ್ನೆ ತಿರುಗುತ್ತಿದ್ದರು. ಅವರಿಗೆ ಪೌಲ ಹೇಳುವುದು ಇಷ್ಟೇ: ಗಾಬರಿಯಾಗಬೇಡಿ, ಮೊದಲು ಮತಭ್ರಷ್ಟತೆ ಉಂಟಾಗಬೇಕು, ಅಧರ್ಮಸ್ವರೂಪ, ಅಂದರೆ ದೇವರನ್ನು ಎದುರಿಸುವವನು, ಕಾಣಿಸಿಕೊಳ್ಳಬೇಕು. ಹೆದರಿದವರನ್ನು ಸಮಾಧಾನ ಮಾಡಿದ ಮಾತಿದು. ನಾವು ಅದರಿಂದಲೇ ಜನರನ್ನು ಹೆದರಿಸುತ್ತೇವೆ, ಅಲ್ವಾ?

ಅಮೆರಿಕದ ವಿಲಿಯಂ ಮಿಲ್ಲರ್ ಕಥೆ ಹೇಳುತ್ತೇನೆ. ನನಗೆ ಇದು ಎಷ್ಟು ಸಲ ಹೇಳಿದರೂ ಸಾಲದು. ಆತ ನ್ಯೂಯಾರ್ಕ್ ರಾಜ್ಯದ ರೈತ. ಸತ್ಯವೇದದ ದಾನಿಯೇಲನ ಪುಸ್ತಕದಲ್ಲಿ 2300 ದಿನ ಎಂದಿದೆಯಲ್ಲ, ಒಂದು ದಿನಕ್ಕೆ ಒಂದು ವರ್ಷ ಎಂದು ಹಿಡಿದ. ಕ್ರಿ.ಪೂ. 457ರಿಂದ ಎಣಿಸಿದ. 1843ರ ಸುಮಾರಿಗೆ ಬರೋಣ ಎಂದ. ಪಾಪ, ಕಪಟವಿಲ್ಲದ ಮನುಷ್ಯ. ಸಾವಿರಾರು ಜನ ನಂಬಿದರು. ಅವರಲ್ಲೇ ಚಾರ್ಲ್ಸ್ ಫಿಚ್ ಎಂಬ ಬೋಧಕ, ಉಳಿದ ಸಭೆಗಳೆಲ್ಲ ಸತ್ಯವೇದದಲ್ಲಿ ಹೇಳಿದ ಬಿದ್ದುಹೋದ ಕೆಟ್ಟ ಪಟ್ಟಣ ಬಾಬೆಲ್, ಹೊರಗೆ ಬನ್ನಿ ಎಂದು ಸಾರಿದ. ಅಲ್ಲಿಗೆ ಬೆರಳು ಎತ್ತಿಯಾಯಿತು ನೋಡಿ! ಕೊನೆಗೆ 1844ರ ಅಕ್ಟೋಬರ್ 22 ಎಂದು ದಿನವೂ ನಿಗದಿಯಾಯಿತು. ಕೆಲವರು ಹೊಲದ ಆಲೂಗಡ್ಡೆಯನ್ನು ಕೀಳದೆ ಬಿಟ್ಟರು. ಕರ್ತನೇ ಬರುವಾಗ ಆಲೂಗಡ್ಡೆ ಯಾರಿಗೆ? ರಾತ್ರಿ ಎಲ್ಲರೂ ಎದ್ದು ಕುಳಿತು ಕಾದರು. ಗಡಿಯಾರ ಹನ್ನೆರಡು ಹೊಡೆಯಿತು. ಏನೂ ಆಗಲಿಲ್ಲ. ಬೆಳಗಾಗುವ ತನಕ ಅತ್ತೆವು ಎಂದು ಹೈರಮ್ ಎಡ್ಸನ್ ಎಂಬಾತ ಬರೆದಿಟ್ಟಿದ್ದಾನೆ. ಆಮೇಲೆ ಎಷ್ಟೋ ಜನ ನಂಬಿಕೆಯನ್ನೇ ಬಿಟ್ಟರು. ಗಾಬರಿಯಾಗಬೇಡಿ ಎಂದು ಪೌಲ ಬರೆದದ್ದು ಸುಮ್ನೆ ಅಲ್ಲ.

ಅಯ್ಯೋ, ಸಮಯ ಮುಗಿಯುತ್ತಾ ಬಂತು. ಇದೇ ವಿಷಯ ಬರುವ ತಿಮೊಥೆಯನ ಪತ್ರ, ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯ, ಎರಡೂ ಹಾಗೇ ಉಳಿದವು. ಇದೊಂದನ್ನು ಹೇಳಿಬಿಡುತ್ತೇನೆ. ಮತಭ್ರಷ್ಟತೆಗೆ ಗ್ರೀಕಿನಲ್ಲಿ 'ಅಪೊಸ್ತಸಿಯ' ಎಂಬ ಪದವಿದೆ. ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಎರಡೇ ಸಲ. ಒಂದು ಥೆಸಲೊನೀಕದವರ ಈ ಪತ್ರದಲ್ಲಿ. ಇನ್ನೊಂದು ಅಪೊಸ್ತಲರ ಕೃತ್ಯಗಳು 21ನೇ ಅಧ್ಯಾಯದಲ್ಲಿ. ಮೋಶೆಯ ಧರ್ಮವನ್ನು ಬಿಟ್ಟುಬಿಡಲು ಜನರಿಗೆ ಕಲಿಸುತ್ತಾನೆ ಎಂದು ಅಲ್ಲಿ ಒಬ್ಬನ ಮೇಲೆ ದೂರು. ಯಾರ ಮೇಲೆ ಗೊತ್ತಾ? ಇದೇ ಪೌಲನ ಮೇಲೆ!

ನಮಸ್ಕಾರ.