ಪುಕ್ಕಟೆ ಮಂತ್ರ ಬೇಡ

ಕೇಳುಗರಿಗೆಲ್ಲ ನಮಸ್ಕಾರ.

ಮಾಯೆ, ಮಂತ್ರ, ಬೇರೆ ಲೋಕ ಇವೆಲ್ಲ ಇರುವ ಕಾದಂಬರಿಗಳಲ್ಲಿ ಯಾವುದನ್ನು ಓದಬಹುದು ಅಂತ ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ಕೊಟ್ಟಿರುವುದು ಹದಿನೈದು ನಿಮಿಷ. ನಾನು ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು, ಬೆಲ್ ಹೊಡೆದ ಮೇಲೂ ಮಾತಾಡುವ ಚಾಳಿ ಇದೆ. ನೋಡೋಣ, ಎಷ್ಟು ಆಗುತ್ತೋ ಅಷ್ಟು.

ಈಗ ಕೇಳುತ್ತಿರುವವರು ಯಾರು ಅಂತ ನಾನೇ ಊಹಿಸಿಕೊಂಡಿದ್ದೇನೆ. ಅಡುಗೆಮನೆ ಕಟ್ಟೆಯ ಮೇಲೆ ರೇಡಿಯೊ ಇಟ್ಟುಕೊಂಡು ಚಪಾತಿ ಲಟ್ಟಿಸುತ್ತಿರುವ ಒಬ್ಬರು ತಾಯಿ. ಪಕ್ಕದ ಕೋಣೆಯಲ್ಲಿ ಒಂಬತ್ತನೇ ಕ್ಲಾಸಿನ ಮಗಳು, ಗಣಿತದ ಪುಸ್ತಕದೊಳಗೆ ಇನ್ನೊಂದು ಪುಸ್ತಕ ಇಟ್ಟುಕೊಂಡು ಓದುತ್ತಿದ್ದಾಳೆ. ತಾಯಿಗೂ ಗೊತ್ತು, ಮಗಳಿಗೂ ಗೊತ್ತು. ಅಮ್ಮಾ, ಬಿಟ್ಟುಬಿಡಿ, ಓದಲಿ. ಆದರೆ ಎದ್ದು ಹೋಗಿ ಅದು ಯಾವ ಪುಸ್ತಕ ಅಂತ ಒಂದು ಸಲ ನೋಡಿ.

ಯಾಕೆಂದರೆ ನಾನು ಇವತ್ತು ಹೇಳುವುದು ಒಂದೇ ಮಾತು. ಒಳ್ಳೆಯ ಕಾದಂಬರಿಯಲ್ಲಿ ಮಂತ್ರ ಪುಕ್ಕಟೆ ಸಿಗುವುದಿಲ್ಲ. ಮಂತ್ರ ಹಾಕಿದವನು ಏನೋ ಕಳೆದುಕೊಳ್ಳಬೇಕು, ಯಾರಿಗೋ ಬಾಕಿ ತೀರಿಸಬೇಕು. ಕಡ್ಡಿ ಆಡಿಸಿದ, ಬೆಂಕಿ ಬಂತು, ರಾಕ್ಷಸ ಸತ್ತ, ಮುಂದಿನ ಪುಟದಲ್ಲಿ ಇನ್ನೊಬ್ಬ ರಾಕ್ಷಸ. ಇಂಥದ್ದನ್ನು ಎಂಟುನೂರು ಪುಟ ಬರೆದು, ಚಿನ್ನದ ಅಕ್ಷರದಲ್ಲಿ ಹೆಸರು ಅಚ್ಚು ಹಾಕಿ ಮಾರುತ್ತಾರೆ. ದೀಪಾವಳಿಯ ಸರಪಟಾಕಿ ಇದ್ದ ಹಾಗೆ. ಬೆಳಿಗ್ಗೆ ಎದ್ದು ಗುಡಿಸಬೇಕು ಅಷ್ಟೆ.

ಇದೇನು ಹೊರಗಿನವರು ಬಂದು ಕಲಿಸಿಕೊಟ್ಟ ವಿಷಯವೂ ಅಲ್ಲ. ಬೇತಾಳನ ಕಥೆ ಎಲ್ಲರಿಗೂ ಗೊತ್ತಲ್ವಾ? ವಿಕ್ರಮ ಹೆಣ ಹೊತ್ತುಕೊಂಡು ಹೋಗುತ್ತಾನೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಒಡೆದು ಹೋಳಾಗುತ್ತೆ. ಬಾಯಿ ಬಿಟ್ಟರೆ ಹೆಣ ಹಾರಿ ಮತ್ತೆ ಮರಕ್ಕೆ ಜೋತುಬೀಳುತ್ತೆ. ಚಂದಮಾಮ ಓದುವಾಗ ಅದು ಬರೀ ಮಜಾ ಅನ್ನಿಸುತ್ತಿತ್ತು. ಈಗ ನೋಡಿದರೆ ಎಂಥ ಬಿಗಿಯಾದ ಲೆಕ್ಕ! ಎರಡು ಷರತ್ತು, ಎರಡರ ನಡುವೆ ಒಬ್ಬ ರಾಜ. ಒಂದನ್ನು ತೆಗೆದುಹಾಕಿ, ಕಥೆಯೇ ಇಲ್ಲ.

ಸರಿ, ನನ್ನ ಪುಸ್ತಕಕ್ಕೆ ಬರುತ್ತೇನೆ. ಇವತ್ತು ನಾಲ್ಕೈದು ಪುಸ್ತಕ ಹೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೇನೆ, ಆದರೆ ನಿಜ ಹೇಳಬೇಕೆಂದರೆ ಇದೊಂದನ್ನೇ ಓದಿದರೂ ನನಗೆ ಸಾಕು. ಹೆಸರು 'ಎ ವಿಜರ್ಡ್ ಆಫ್ ಅರ್ಥ್‌ಸೀ'. ಬರೆದವರು ಅರ್ಸುಲಾ ಲೆ ಗ್ವಿನ್. ಅಮೆರಿಕದವರು, 1929ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹುಟ್ಟಿದರು, 2018ರಲ್ಲಿ ತೀರಿಕೊಂಡರು. ಪುಸ್ತಕ ಬಂದದ್ದು 1968ರಲ್ಲಿ. ಒಬ್ಬ ಪ್ರಕಾಶಕರು, ಸ್ವಲ್ಪ ದೊಡ್ಡ ಮಕ್ಕಳಿಗೆ ಏನಾದರೂ ಬರೆದುಕೊಡಿ ಅಂದರಂತೆ. ಇವರು ಯೋಚಿಸಿದರು. ಕಥೆಗಳಲ್ಲಿ ಬರುವ ಮಾಂತ್ರಿಕರೆಲ್ಲ ಬಿಳಿ ಗಡ್ಡದ ಮುದುಕರೇ. ಈ ಮುದುಕರು ಗಡ್ಡ ಬರುವ ಮೊದಲು ಏನಾಗಿದ್ದರು? ಆ ವಿದ್ಯೆ ಎಲ್ಲಿ ಕಲಿತರು? ಅಷ್ಟೇ ಪ್ರಶ್ನೆ. ಮಾಂತ್ರಿಕರ ಶಾಲೆ, ಅಲ್ಲಿಗೆ ಹೋಗುವ ಹುಡುಗ, ಅಲ್ಲೊಬ್ಬ ಪ್ರತಿಸ್ಪರ್ಧಿ, ಇವೆಲ್ಲ ಇಲ್ಲಿ 1968ರಲ್ಲೇ ಇವೆ. ಇದನ್ನು ಇಲ್ಲಿಗೇ ಬಿಡುತ್ತೇನೆ, ಇನ್ನೊಂದು ಸರಣಿಯ ಅಭಿಮಾನಿಗಳು ನನ್ನ ಮನೆ ಹುಡುಕಿಕೊಂಡು ಬರುವುದು ಬೇಡ.

ಕಥೆ ಶುರುವಾಗುವುದು ಆಡುಗಳಿಂದ. ಗಾಂಟ್ ಅಂತ ಒಂದು ಬೆಟ್ಟದ ದ್ವೀಪ. ಅಲ್ಲಿ ತಾಯಿ ಇಲ್ಲದ ಹುಡುಗ, ಏಳು ವರ್ಷ, ಆಡು ಕಾಯುತ್ತಾನೆ. ಅವನ ಚಿಕ್ಕಮ್ಮ ಊರಿನ ಮಾಟಗಾತಿ, ಅಂದರೆ ಮಂತ್ರ ಹಾಕಿ ಸಣ್ಣಪುಟ್ಟ ಕೆಲಸ ಮಾಡಿಕೊಡುವವಳು. ಒಂದು ದಿನ ಸೂರಿನ ಮೇಲೆ ಹತ್ತಿದ ಆಡನ್ನು ಅವಳು ಯಾವುದೋ ಪದ ಹೇಳಿ ಇಳಿಸುತ್ತಾಳೆ. ಹುಡುಗ ಕೇಳಿಸಿಕೊಂಡ. ಮಾರನೇ ದಿನ ಬೆಟ್ಟದಲ್ಲಿ ಸುಮ್ನೆ ಆಟಕ್ಕೆ ಅದೇ ಪದ ಕೂಗಿದ. ಆಡುಗಳೆಲ್ಲ ಬಂದವು. ಇನ್ನೊಂದು ಸಲ ಕೂಗಿದ, ಇನ್ನೂ ಹತ್ತಿರ ಬಂದವು. ಸುತ್ತ ಮುತ್ತಿಕೊಂಡವು, ಕೊಂಬು ಕೊಂಬಿಗೆ ತಾಗುವಷ್ಟು, ಸದ್ದೇ ಇಲ್ಲ, ಎಲ್ಲವೂ ಇವನನ್ನೇ ನೋಡುತ್ತಿವೆ. ಹುಡುಗನಿಗೆ ಭಯವಾಯಿತು, ಓಡಿದ. ಹಗ್ಗದಲ್ಲಿ ಕಟ್ಟಿದ ಹಾಗೆ ಅವೂ ಜೊತೆಗೇ ಓಡಿದವು. ಅಳುತ್ತಾ ಊರೊಳಗೆ ನುಗ್ಗಿದ, ಆಡುಗಳ ಗುಂಪಿನ ನಡುವೆ ಒಬ್ಬ ಹುಡುಗ. ಕೊನೆಗೆ ಚಿಕ್ಕಮ್ಮ ಬಂದು ಬಿಡಿಸಬೇಕಾಯಿತು.

ಈ ಭಾಗವನ್ನು ನಾನು ಒಂದು ಸಲ ನಮ್ಮ ಊರಿನಲ್ಲಿ ಹೇಳಿದ್ದೆ. ನಮ್ಮದು ಚಿತ್ರದುರ್ಗದ ಕಡೆ, ಚಳ್ಳಕೆರೆಯಿಂದ ಒಳಗೆ. ಕುರಿ, ಆಡು, ಹುಲ್ಲುಗಾವಲು ಅಂದರೆ ನಮಗೆ ದಿನ ಬೆಳಗಾದರೆ ಕಾಣುವುದೇ. ಬೇಸಿಗೆ ರಜೆ, ಕರೆಂಟ್ ಹೋಗಿತ್ತು, ಜಗಲಿಯ ಮೇಲೆ ಅಣ್ಣನ ಮಕ್ಕಳಿಗೆ ಕನ್ನಡದಲ್ಲಿ ಈ ಕಥೆ ಹೇಳುತ್ತಿದ್ದೆ. ಸ್ವಲ್ಪ ಬಣ್ಣ ಕಟ್ಟಿಯೇ ಹೇಳುತ್ತಿದ್ದೆ ಅನ್ನಿ, ಮೇಷ್ಟ್ರ ಅಭ್ಯಾಸ. ನನಗೆ ಗೊತ್ತಿಲ್ಲದ ಹಾಗೆ ಜಗಲಿಯ ಆ ತುದಿಯಲ್ಲಿ ಒಬ್ಬ ಅಜ್ಜ ಕೂತಿದ್ದ. ಜೀವನವಿಡೀ ಕುರಿ, ಆಡು ಕಾದವನು, ಕಂಬಳಿ ಹೊದ್ದು ಎಲೆಅಡಿಕೆ ಹಾಕಿಕೊಂಡು ಕತ್ತಲಲ್ಲಿ ಕೇಳುತ್ತಿದ್ದ. ನಾನು "ಆಡುಗಳೆಲ್ಲ ಮಂತ್ರಕ್ಕೆ ಓಡಿ ಬಂದವು" ಅಂದೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೂತಿದ್ದಾರೆ. ಆ ತುದಿಯಿಂದ ಅಜ್ಜ ನಕ್ಕ.

"ಆಡು ಕರಿಯಾಕೆ ಮಂತ್ರ ಯಾಕೆ ಬೇಕು ಮೇಷ್ಟ್ರೇ? ಒಂದು ಹಿಡಿ ಸೊಪ್ಪು ತೋರಿಸಿದ್ರೆ ಬರ್ತವೆ. ಬಂದವನ್ನ ವಾಪಸ್ ಅಟ್ಟೋದು ಹೆಂಗೆ, ಅದನ್ನ ಹೇಳಿ."

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಆ ಪುಸ್ತಕವನ್ನು ನಾನು ಅಷ್ಟು ಹೊತ್ತಿಗೆ ಹತ್ತು ಸಲ ಓದಿದ್ದೆ, ಅದರ ಬಗ್ಗೆ ದೊಡ್ಡ ದೊಡ್ಡ ಲೇಖನಗಳನ್ನೂ ಓದಿದ್ದೆ. ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಇಡೀ ಕಾದಂಬರಿ ಅದೇ! ಕರೆಯುವುದು ಸುಲಭ, ವಾಪಸ್ ಅಟ್ಟುವುದು ಹೇಗೆ? ಆ ಹುಡುಗ, ಅವನ ಹೆಸರು ಗೆಡ್, ದೊಡ್ಡವನಾಗಿ ರೋಕ್ ಅನ್ನುವ ದ್ವೀಪದ ಶಾಲೆಗೆ ಹೋಗುತ್ತಾನೆ. ಜಾಣ, ಜಂಬ ಬೇರೆ. ಜೊತೆಯ ಹುಡುಗನೊಬ್ಬ ಕೆಣಕಿದ ಅಂತ ಪಣ ಕಟ್ಟಿ, ಸತ್ತು ಸಾವಿರ ವರ್ಷವಾದ ಒಬ್ಬ ಹೆಂಗಸಿನ ಆತ್ಮವನ್ನು ಕರೆಯುತ್ತಾನೆ. ಕರೆದ, ಬಂದಳು. ಆದರೆ ಆ ತೆರೆದ ಬಿರುಕಿನಿಂದ ಅವಳ ಜೊತೆಗೆ ಇನ್ನೇನೋ ಒಂದು ಹೊರಗೆ ಹಾರಿತು. ಕಪ್ಪು ನೆರಳು. ಇವನ ಮುಖ ಪರಚಿ ಹಾಕಿತು. ಶಾಲೆಯ ಹಿರಿಯ ಗುರು ಓಡಿ ಬಂದು ಆ ಬಿರುಕನ್ನು ಮುಚ್ಚಿದ. ಮುಚ್ಚಿದ್ದಕ್ಕೆ ಅವನ ಪ್ರಾಣವೇ ಹೋಯಿತು. ನೋಡಿ, ಬಾಕಿ ತೀರಿಸಿದವನು ಬೇರೆಯವನು. ಗೆಡ್‌ಗೆ ಉಳಿದದ್ದು ಕೆನ್ನೆಯ ಮೇಲೆ ಗಾಯದ ಕಲೆ, ಮತ್ತೆ ದ್ವೀಪದಿಂದ ದ್ವೀಪಕ್ಕೆ ಬೆನ್ನು ಹತ್ತಿ ಬರುವ ಆ ನೆರಳು. ಕೊನೆಗೆ ಏನಾಗುತ್ತೆ ಅಂತ ಹೇಳುವುದಿಲ್ಲ. ಅಜ್ಜನಿಗೆ ಹೇಳಿದ್ದೆ, ನಿಮಗೆ ಹೇಳುವುದಿಲ್ಲ.

ಅದಕ್ಕೂ ಮೊದಲು ಬರುವ ಒಂದು ತುಣುಕು ನನಗೆ ಬಹಳ ಇಷ್ಟ. ಗೆಡ್‌ನ ಮೊದಲ ಗುರು ಒಗಿಯನ್. ಭೂಕಂಪವನ್ನೇ ಸುಮ್ಮನಾಗಿಸಿದವನು ಅಂತ ಜನ ಹೇಳುತ್ತಾರೆ. ಹುಡುಗ ಅವನ ಜೊತೆ ಕಾಡಿನಲ್ಲಿ ನಡೆಯುತ್ತಾನೆ. ಪಾಠ ಯಾವಾಗ ಶುರು ಅಂತ ಕೇಳಿದರೆ, ಶುರುವಾಗಿದೆ ಅನ್ನುತ್ತಾನೆ ಗುರು. ಮಳೆ ಬಂತು. ಬೇರೆ ಯಾವ ಪುಡಿ ಮಾಂತ್ರಿಕನಾದರೂ ಮೋಡವನ್ನು ಆಚೆ ಊರಿಗೆ ತಳ್ಳಿಬಿಡುತ್ತಿದ್ದ. ಒಗಿಯನ್ ಮರದ ಕೆಳಗೆ ಮಲಗಿ ನೆನೆಯುತ್ತಾನೆ. ಯಾಕೆ? ಇಲ್ಲಿಂದ ತಳ್ಳಿದ ಮಳೆ ಇನ್ನೆಲ್ಲೋ ಬೀಳಬೇಕಲ್ಲ. ಒಂದು ದ್ವೀಪಕ್ಕೆ ಮಳೆ ತರಿಸಿದರೆ ಇನ್ನೊಂದು ದ್ವೀಪದಲ್ಲಿ ಬರ ಬೀಳಬಹುದು ಅಂತ ಶಾಲೆಯಲ್ಲೂ ಮುಂದೆ ಹೇಳಿಕೊಡುತ್ತಾರೆ. ಚಳ್ಳಕೆರೆ ಕಡೆಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ.

ಇನ್ನೊಂದು, ಹೆಸರಿನ ವಿಷಯ. ಆ ಲೋಕದಲ್ಲಿ ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ನಿಜವಾದ ಹೆಸರಿದೆ. ಅದು ಗೊತ್ತಾದವರ ಕೈಗೆ ನೀವು ಸಿಕ್ಕಿಬಿದ್ದ ಹಾಗೆ. ಇದೇನಪ್ಪ ವಿಚಿತ್ರ ಅಂತ ನಮ್ಮ ವಿದ್ಯಾರ್ಥಿಗಳು ಕೇಳುತ್ತಿದ್ದರು. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದ ನಾಡಿನಲ್ಲಿ ಹುಟ್ಟಿ ಈ ಪ್ರಶ್ನೆ ಕೇಳುತ್ತೀರಲ್ಲಾ ಅಂತ ನಾನು ಬೈಯುತ್ತಿದ್ದೆ. ದೆವ್ವ ರಾತ್ರಿ ಬಂದು ನಿಮ್ಮವರ ದನಿಯಲ್ಲೇ ನಿಮ್ಮ ಹೆಸರು ಕೂಗುತ್ತೆ, ಓಗೊಟ್ಟರೆ ಮುಗೀತು. ಬಾಗಿಲ ಮೇಲೆ ಎರಡು ಪದ ಬರೆದರೆ ಓದಿಕೊಂಡು ವಾಪಸ್ ಹೋಗುತ್ತೆ, ನಾಳೆ ಮತ್ತೆ ಬರುತ್ತೆ, ಮತ್ತೆ ಅದನ್ನೇ ಓದುತ್ತೆ. ಅಕ್ಷರ ಬಲ್ಲ, ಮಾತು ಮೀರದ ದೆವ್ವ! ಅದನ್ನು ಅರ್ಥ ಮಾಡಿಕೊಂಡವರಿಗೆ ಅರ್ಥ್‌ಸೀ ಕಷ್ಟವೇ ಅಲ್ಲ. ಇಂಗ್ಲಿಷೂ ಸರಳ, ಪುಸ್ತಕವೂ ತೆಳ್ಳಗಿದೆ.

ಹಾಂ, ಗೆಡ್‌ನ ಮೈಬಣ್ಣ ತಾಮ್ರದ್ದು, ಅವನ ಆಪ್ತ ಗೆಳೆಯ ಕಪ್ಪು. ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ. ಆದರೂ ಎಷ್ಟೋ ಮುಖಪುಟಗಳಲ್ಲಿ ಅವನನ್ನು ಬೆಳ್ಳಗೆ ಮಾಡಿಬಿಟ್ಟರು, 2004ರ ಟಿವಿ ಧಾರಾವಾಹಿಯಲ್ಲೂ ಹಾಗೇ ಮಾಡಿದರು. ಲೇಖಕಿ ಸುಮ್ಮನಿರಲಿಲ್ಲ, ಸಿಟ್ಟಿನಿಂದಲೇ ಬರೆದರು. ಸರಿಯಾಗಿಯೇ ಬರೆದರು.

ಅಯ್ಯೋ, ಗಡಿಯಾರ ನೋಡಿದರೆ ಮುಕ್ಕಾಲು ಹೊತ್ತು ಆಡುಗಳೇ ಮೇದುಬಿಟ್ಟಿವೆ. ಉಳಿದವನ್ನು ಬೇಗ ಬೇಗ ಹೇಳುತ್ತೇನೆ.

ಜರ್ಮನಿಯ ಮಿಖಾಯೆಲ್ ಎಂಡೆ 1979ರಲ್ಲಿ ಬರೆದ ಕಾದಂಬರಿ ಒಂದಿದೆ. ಇಂಗ್ಲಿಷಿನಲ್ಲಿ 'ದಿ ನೆವರ್‌ಎಂಡಿಂಗ್ ಸ್ಟೋರಿ'. ಬಾಸ್ಟಿಯನ್ ಅನ್ನುವ ಹುಡುಗ ಅಂಗಡಿಯಿಂದ ಪುಸ್ತಕ ಕದ್ದು, ಶಾಲೆಯ ಅಟ್ಟದಲ್ಲಿ ಕೂತು ಓದುತ್ತಾನೆ, ಓದುತ್ತಾ ಓದುತ್ತಾ ಅದರೊಳಗೇ ಹೋಗುತ್ತಾನೆ. ಅಲ್ಲಿ ಏನು ಬಯಸಿದರೂ ಆಗುತ್ತೆ. ಆದರೆ ಒಂದೊಂದು ಬಯಕೆಗೆ ಒಂದೊಂದು ನೆನಪು ಹೋಗುತ್ತೆ. ತಾನು ದಪ್ಪಗಿದ್ದೆ, ಮಕ್ಕಳು ಗೇಲಿ ಮಾಡುತ್ತಿದ್ದರು ಅನ್ನುವುದು ಮರೆತುಹೋದಾಗ ನಮಗೂ ಒಳ್ಳೆಯದೇ ಆಯಿತು ಅನ್ನಿಸುತ್ತೆ. ಆಮೇಲೆ ಅಪ್ಪ ಅಮ್ಮ ಮರೆತುಹೋಗುತ್ತಾರೆ. ಆಗ ಹೊಟ್ಟೆಯೊಳಗೆ ಕಸಿವಿಸಿ ಶುರುವಾಗುತ್ತೆ. ಪುಕ್ಕಟೆ ಮಂತ್ರ ಇಲ್ಲ ಅಂದೆನಲ್ಲ, ಇಲ್ಲಿ ಬೆಲೆಯನ್ನು ಕಂತಿನಲ್ಲಿ ಕಟ್ಟಿಸಿಕೊಳ್ಳುತ್ತಾರೆ.

ಡಯಾನಾ ವಿನ್ ಜೋನ್ಸ್ ಅವರ 'ಹೌಲ್ಸ್ ಮೂವಿಂಗ್ ಕ್ಯಾಸಲ್', 1986. ಟೋಪಿ ಅಂಗಡಿಯ ಹುಡುಗಿ ಶಾಪ ತಗುಲಿ ಒಂದೇ ದಿನದಲ್ಲಿ ಮುದುಕಿ ಆಗುತ್ತಾಳೆ, ಶಾಪದ ವಿಷಯ ಯಾರಿಗೂ ಹೇಳುವ ಹಾಗಿಲ್ಲ. ಅಳುತ್ತಾ ಕೂರುವುದಿಲ್ಲ, ಮಾಂತ್ರಿಕನ ಮನೆಗೆ ಹೋಗಿ ಪೊರಕೆ ಹಿಡಿಯುತ್ತಾಳೆ. ಒಲೆಯಲ್ಲಿ ಕೂತ ಬೆಂಕಿಯ ಭೂತಕ್ಕೂ ಆ ಮಾಂತ್ರಿಕನಿಗೂ ಒಂದು ಒಪ್ಪಂದವಾಗಿದೆ. ಅದೇನು ಅಂತ ಹುಡುಕುವುದೇ ಕಥೆ. ಬಹಳ ನಗು ಬರುತ್ತೆ. ಸಿನಿಮಾ ನೋಡಿದ್ದೇವೆ ಅನ್ನಬೇಡಿ, ಅದು ಬೇರೆ, ಇದು ಬೇರೆ.

ಆಕ್ಸ್‌ಫರ್ಡಿನಲ್ಲಿ ಪ್ರೊಫೆಸರ್ ಆಗಿದ್ದ ಟೋಲ್ಕಿನ್ ಅವರ 'ದಿ ಹಾಬಿಟ್' ಕಾದಂಬರಿ ಬಗ್ಗೆ ಒಂದೇ ಮಾತು. 1937ರ ಮೊದಲ ಮುದ್ರಣದಲ್ಲಿ ಗೊಲ್ಲಮ್ ಅನ್ನುವ ಪ್ರಾಣಿ ಒಗಟಿನ ಪಂದ್ಯದಲ್ಲಿ ಸೋತರೆ ತನ್ನ ಉಂಗುರವನ್ನೇ ಕೊಡುತ್ತೇನೆ ಅಂದಿರುತ್ತೆ, ಉಡುಗೊರೆ ಕೊಟ್ಟ ಹಾಗೆ. ಆಮೇಲೆ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಅನ್ನುವ ದೊಡ್ಡ ಕಥೆ ಬರೆಯಲು ಕೂತರು, ಅದರಲ್ಲಿ ಇದೇ ಉಂಗುರ ಇಟ್ಟುಕೊಂಡವರ ಮನಸ್ಸನ್ನೇ ಹಿಡಿದುಬಿಡುತ್ತೆ. ಇಷ್ಟು ಭಯಂಕರವಾದ ಉಂಗುರವನ್ನು ಯಾರಾದರೂ ಸುಮ್ನೆ ಕೊಡುತ್ತಾರಾ? ಆ ಅಧ್ಯಾಯವನ್ನೇ ತಿದ್ದಿದರು. 1951ರ ಎರಡನೇ ಆವೃತ್ತಿಯಲ್ಲಿ ಅದು ಬದಲಾಯಿತು. ಅಂಥ ಪಂಡಿತರೇ ಹಿಂದೆ ಹೋಗಿ ಲೆಕ್ಕ ಸರಿ ಮಾಡಿದರು ಅಂದಮೇಲೆ ನಾನು ಹೇಳುತ್ತಿರುವುದರಲ್ಲಿ ಏನೋ ಇದೆ ತಾನೇ?

ಇಂಗ್ಲಿಷ್ ಬೇಡ ಅನ್ನುವವರು ಎ. ಕೆ. ರಾಮಾನುಜನ್ ಸಂಗ್ರಹಿಸಿದ ನಮ್ಮ ಕನ್ನಡದ್ದೇ ಜಾನಪದ ಕಥೆ ಓದಿ, ಹೂವಿನ ಮರವಾಗುವ ಹುಡುಗಿಯದು. ಕಾದಂಬರಿ ಅಲ್ಲ, ಕೆಲವೇ ಪುಟ. ಒಂದು ಬಿಂದಿಗೆ ನೀರು ಸುರಿದರೆ ಮರ, ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹುಡುಗಿ. ಹೂ ಬಿಡಿಸುವಾಗ ಕೊಂಬೆ ಮುರಿಯಬಾರದು. ಮುರಿದರೆ? ಮುರಿಯುತ್ತಾರೆ. ಆ ಭಾಗವನ್ನು ನಾನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಲು ಎರಡು ಸಲ ಪ್ರಯತ್ನಿಸಿದ್ದೇನೆ, ಎರಡು ಸಲವೂ ನಡುವೆ ನಿಲ್ಲಿಸಿ ಹುಡುಗರ ಕೈಗೆ ಪುಸ್ತಕ ಕೊಟ್ಟಿದ್ದೇನೆ.

ಇವನ್ನೆಲ್ಲ ಓದಿದರೆ ಸಿಇಟಿಗೆ ಉಪಯೋಗ ಆಗುತ್ತಾ ಸಾರ್ ಅಂತ ಪೋಷಕರು ಕೇಳುತ್ತಾರೆ. ಆಗುವುದಿಲ್ಲ. ಮುಂದಿನ ಪ್ರಶ್ನೆ.

ಗಾಜಿನ ಆಚೆಯಿಂದ ಕೈ ಸನ್ನೆ ಬರುತ್ತಿದೆ, ನಿಲ್ಲಿಸಬೇಕು. ಅರ್ಥ್‌ಸೀ ಪುಸ್ತಕವನ್ನು ಲೈಬ್ರರಿಯಲ್ಲಿ ಕೇಳಿದರೆ ಮಕ್ಕಳ ವಿಭಾಗಕ್ಕೆ ಕಳಿಸಬಹುದು. ಹೋಗಿ. ಅಲ್ಲಿಯ ಕುರ್ಚಿ ಚಿಕ್ಕದಿರುತ್ತೆ, ಮಂಡಿ ನೋವಿದ್ದವರು ನಿಂತುಕೊಂಡೇ ಮೊದಲ ನಾಲ್ಕು ಪುಟ ಓದಿ, ಆಡುಗಳು ಬರುವವರೆಗೆ. ಆಮೇಲೆ ಪುಸ್ತಕ ಮನೆಗೆ ತೆಗೆದುಕೊಂಡು ಹೋಗುತ್ತೀರಿ. ನಮಸ್ಕಾರ.